ಮನೆಗೆ ಕಳಿಸದ ಹಾಡು

ನಾಸಿರನಿಗೆ ಒಂದು ಹಾಡಿನ ಕೂಲಿ ಇನ್ನೂ ಬಾಕಿ ಇದೆ. ಬಾಕಿ ಉಳಿಸಿಕೊಂಡವನು ಮಿಲ್ಲಿನ ಮಾಲೀಕನಲ್ಲ. ಅವನ ಬಾಕಿಯ ಕತೆ ಬೇರೆ, ಅದು ಕೋರ್ಟಿನಲ್ಲಿ ಕುಂತಿದೆ. ನಾಸಿರನ ಕೂಲಿ ಉಳಿಸಿಕೊಂಡವರು ಅವನ ಹಾಡು ಹಾಡಿಕೊಂಡು ಧರಣಿ ಕೂರುವವರು, ಮೊಬೈಲಿನಲ್ಲಿ ಹಂಚುವವರು, ವೇದಿಕೆ ಹತ್ತಿ ‘ಇದೊಂದು ಜನಪದ ಗೀತೆ’ ಎಂದು ಹೇಳಿ ಚಪ್ಪಾಳೆ ಗಿಟ್ಟಿಸುವವರು. ಜನಪದ ಅಂದುಬಿಟ್ಟರೆ ಕಟ್ಟಿದವನನ್ನು ಹುಡುಕುವ ಕೆಲಸ ಉಳಿಯುವುದಿಲ್ಲ. ಈ ಹಾಡು ಕಟ್ಟಿದವನಿಗೆ ಹೆಸರಿದೆ. ಹೊಟ್ಟೆಯೂ ಇದೆ. ಯರಗಟ್ಟಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಅವನ ಮನೆ ತೋರಿಸುತ್ತಾರೆ.

ನಾಸಿರ ಬ್ಯಾಂಜೋ ಪಾರ್ಟಿಯವನು. ಮದುವೆ ಮೆರವಣಿಗೆಯ ಮುಂದೆ ಒಂದು ಸಣ್ಣ ಗಾಡಿ ತೆವಳುತ್ತಿರುತ್ತದಲ್ಲ, ಅದರ ಮೇಲೆ ಜನರೇಟರು, ಆಳೆತ್ತರದ ಸ್ಪೀಕರುಗಳು, ಒಂದು ಕ್ಯಾಸಿಯೊ ಕೀಬೋರ್ಡು, ಹಿಂದೆ ಡ್ರಮ್ಮು ತಾಷಾ ಬಡಿಯುವವರು, ಆ ಪಾರ್ಟಿ. ಕುಳ್ಳ ಆಳು. ಮೀಸೆಗೆ ಕಪ್ಪು ಹಚ್ಚುತ್ತಾನೆ, ತಲೆಗೆ ಹಚ್ಚುವುದಿಲ್ಲ. ಬಾಯಿ ಜೋರು. ಒಂದೇ ಚುನಾವಣೆಯಲ್ಲಿ ಮೂರು ಪಕ್ಷಕ್ಕೂ ಹಾಡು ಮಾಡಿಕೊಟ್ಟವನು. ಧಾಟಿ ಅದೇ, ಅಭ್ಯರ್ಥಿಯ ಹೆಸರು ಮಾತ್ರ ಬೇರೆ. ಸವದತ್ತಿಯಲ್ಲಿ ಒಬ್ಬ ಕಾರ್ಯಕರ್ತ ಕಾಲರು ಹಿಡಿದು ಕೇಳಿದ್ದಕ್ಕೆ, “ಅಣ್ಣಾ, ನಿಮ್ಮ ಮೂರೂ ಮಂದಿ ಭಾಷಣ ಒಂದ ಐತಿ. ಹಾಡಷ್ಟ ಬ್ಯಾರೆ ಯಾಕ ಬೇಕು?” ಅಂದಿದ್ದ. ಕಾಲರು ಹರಿಯಿತು, ಅಂಗಿ ಹೊಸದಾಗಿತ್ತು.

ಅವನ ಅಪ್ಪ ಮೌಲಾಸಾಬ ಹಳೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದಿದವನು. ಮಗನ ಕ್ಯಾಸಿಯೊ ಕಂಡರೆ ಆಗುತ್ತಿರಲಿಲ್ಲ. “ಒಂದ ಹೊತ್ತಿಗೆ ಒಂದ ಸ್ವರ ಊದಬೇಕಲೇ ಮಗನ. ನಿನ್ನ ಡಬ್ಬಿ ಮೂರು ಕಡಿ ಮಾರಿ ಮಾಡಿ ಬೊಗಳತೈತಿ,” ಎನ್ನುತ್ತಿದ್ದ.

ಮೂರು ಸ್ವರ ಒಟ್ಟಿಗೆ ಒತ್ತುವುದನ್ನು ನಾಸಿರ ಕಲಿತದ್ದು ಬೆಳಗಾವಿಯಲ್ಲಿ. ಪ್ರಾಯದಲ್ಲಿ ಅಪ್ಪನೊಡನೆ ಜಗಳಾಡಿ ಹೋಗಿ ಒಂದು ಆರ್ಕೆಸ್ಟ್ರಾದಲ್ಲಿ ಸ್ಪೀಕರು ಹೊರುತ್ತಿದ್ದ. ಅಲ್ಲಿ ಗಿಟಾರು ನುಡಿಸುವವನು ಕುಡಿದಾಗ ಕಲಿಸುತ್ತಿದ್ದ, ಕುಡಿಯದಿದ್ದಾಗ ಬೈಯುತ್ತಿದ್ದ. ಹೀಗೆ ಕೂಡಿಸಿ ಒತ್ತಿದ ಸ್ವರಗಳಿಗೆ ಕಾರ್ಡ್ ಅನ್ನುತ್ತಾರೆ, ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವ ದಾರಿ ಸರಿಯಿದ್ದರೆ ಹಾಡು ಅರ್ಧ ಆದಂತೆ ಎಂದು ಅವನೇ ಹೇಳಿದ್ದು. ಅವನು ಹೇಳಿದ ಇಂಗ್ಲಿಷ್ ಹೆಸರುಗಳು ನಾಸಿರನ ತಲೆಯಲ್ಲಿ ನಿಲ್ಲಲಿಲ್ಲ. ತನ್ನವೇ ಹೆಸರು ಇಟ್ಟುಕೊಂಡ. ಸ-ಗ-ಪ ಕೂಡಿದರೆ ಮನಿ. ಮ-ಧ-ಸ ಕೂಡಿದರೆ ಹೊಲ. ಪ-ನಿ-ರಿ ಕೂಡಿದರೆ ಅಗಸಿ, ಅಂದರೆ ಊರಬಾಗಿಲು. ಧ-ಸ-ಗ ಕೂಡಿದರೆ ಹಿತ್ತಲ.

“ಮನಿಂದ ಹೊಂಟು ಹೊಲಕ್ಕ ಹೋಗು. ಹೊಲದಿಂದ ಅಗಸಿಗೆ ಬಾ. ಅಗಸಿಗೆ ಬಂದವಗ ಎಲ್ಲಿ ಹೋಗಬೇಕು ಅನಸ್ತೈತಿ? ಮನಿಗೆ. ಮುಗೀತು ನೋಡು, ಇಷ್ಟ ಸಂಗೀತ,” ಎಂದು ಚಹಾದಂಗಡಿಯಲ್ಲಿ ಪಾಠ ಮಾಡುತ್ತಿದ್ದ. “ಅಗಸ್ಯಾಗ ‘ನಿ’ ಐತಲ್ಲ, ಅದು ಮನಿ ಹೊಸಲಿ ಮ್ಯಾಲೆ ಒಂದ ಕಾಲ ಇಟ್ಟಿರತೈತಿ. ಒಳಗ ಕರಕೊಳ್ಳಿಲ್ಲಂದ್ರ ಅಳತೈತಿ.”

ಮದುವೆಯಿರಲಿ, ಉರುಸಿರಲಿ, ಗಣಪತಿ ಇರಲಿ, ಎಲ್ಲ ಹಾಡನ್ನೂ ಒಂದೇ ಶ್ರುತಿಯಲ್ಲಿ ನುಡಿಸುತ್ತಿದ್ದ. ಕ್ಯಾಸಿಯೊದ ಎರಡನೆಯ ಕಪ್ಪು ಕೀಯೇ ಅವನ ‘ಸ’. ಬೇರೆ ಶ್ರುತಿಗೆ ಬೆರಳು ಬಗ್ಗಿಸುವುದಕ್ಕೆ ಸೋಮಾರಿತನ. ಕೇಳಿದರೆ, “ನನ್ನ ಹೆಂಡತಿ ದನಿಗೆ ಅದ ಸರಿ ಹೊಂದತೈತಿ,” ಎಂದು ಹೆಂಡತಿಯ ಮೇಲೆ ಹಾಕುತ್ತಿದ್ದ.

ಹೆಂಡತಿ ಕೌಸರ್. ಬೈಲಹೊಂಗಲದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಕೆಲಸ. ರೈತರ ಹತ್ತಿಯಲ್ಲಿ ಬರುವ ಎಲೆ, ಕಸ, ಗೋಣಿಯ ದಾರ ಎಲ್ಲ ತೆಗೆದು ಯಂತ್ರದ ಬಾಯಿಗೆ ತಳ್ಳಬೇಕು. ಸಂಜೆ ಬಸ್ಸು ಹತ್ತಿದರೆ ತಲೆ, ಹುಬ್ಬು ಎಲ್ಲ ಬೆಳ್ಳಗಾಗಿರುತ್ತಿತ್ತು. ಕಂಡಕ್ಟರು “ಮುದಿಕ್ಯಾರ, ಮುಂದ ಸರೀರಿ” ಎಂದು ಕೀಟಲೆ ಮಾಡುತ್ತಿದ್ದ. ಯಂತ್ರದ ಸದ್ದಿನ ಮೇಲೆ ಹಾಡಿ ಹಾಡಿ ಕೌಸರಳ ಗಂಟಲು ಹರಿತವಾಗಿತ್ತು. ಗಂಡನ ಹಾಡುಗಳನ್ನು ಅವಳು ಎಂದೂ ಹೊಗಳಿದವಳಲ್ಲ. “ನಿಮ್ಮ ಹಾಡಿಗೆ ಹೊಟ್ಟಿ ತುಂಬೇತಿ,” ಎನ್ನುತ್ತಿದ್ದಳು. ಹೊಟ್ಟೆ ತುಂಬಿದವರ ಮದುವೆಗೇ ಅಲ್ಲವೇ ಅವನು ನುಡಿಸುತ್ತಿದ್ದದ್ದು.

ಒಂದು ದಿನ ಆ ಮಿಲ್ಲಿನ ಗೇಟಿಗೆ ಬೀಗ ಬಿತ್ತು. ಹಂಗಾಮು ಪೂರ್ತಿ ದುಡಿದ ಹೆಂಗಸರ ಪಗಾರ ಒಳಗೇ ಉಳಿಯಿತು. ಮಾಲೀಕ ಕಾಣೆ. ಒಳಗೆ ಮ್ಯಾನೇಜರು ನಿಜಗುಣಪ್ಪ ಒಬ್ಬ. ಯಂತ್ರ ಬಿಚ್ಚುವವರು ಬಂದಿದ್ದಾರೆಂದು ಸುದ್ದಿ. ಯಂತ್ರ ಹೋದರೆ ಆ ಮಿಲ್ಲಿನಲ್ಲಿ ಉಳಿಯುವುದು ತಗಡು ಮತ್ತು ಹೆಗ್ಗಣ. ಅವುಗಳ ಹತ್ತಿರ ಪಗಾರ ಕೇಳಲಾಗುವುದಿಲ್ಲ. ಕಾರ್ಮಿಕ ಸಂಘದ ಕಡೆಯಿಂದ ನಾವು ತಹಶೀಲ್ದಾರರ ಬಳಿ ಹೋದೆವು. ಬಾಕಿ ತೀರುವ ತನಕ ಯಂತ್ರಗಳಿಗೆ ಮುದ್ರೆ ಹಾಕುತ್ತೇವೆ, ಮರುದಿನ ಜನ ಕಳಿಸುತ್ತೇವೆ ಎಂದರು. ಅಲ್ಲಿಯ ತನಕ ಒಂದು ಲಾರಿಯೂ ಹೊರಬೀಳಬಾರದು. ಅದಕ್ಕೆ ಗೇಟಿನ ಮುಂದೆ ಹೆಂಗಸರು ಕೂರಬೇಕು. ಏಳಬಾರದು. ಅಷ್ಟೇ ಕೆಲಸ, ಅದೇ ಕಷ್ಟದ ಕೆಲಸ.

ಹೆಂಗಸರ ಮುಂದಾಳು ಗುರವ್ವ. ಆ ಮಿಲ್ಲಿನಲ್ಲಿ ಕೂದಲು ನಿಜವಾಗಿಯೇ ಬೆಳ್ಳಗಾಗಿಸಿಕೊಂಡವಳು. “ಬಾಯಿ ಸುಮ್ಮನಿದ್ರ ಮಂದಿಗೆ ಮನಿ ನೆನಪಾಗತೈತಿ. ಹಾಡು ಬೇಕು,” ಎಂದಳು. ಕೌಸರ್ ಗಂಡನನ್ನು ಕರೆಸಿದಳು.

ಬಂದ. ಮದುವೆಗೆ ಬಂದಂತೆಯೇ ಬಂದ, ಮಿಂಚಿನ ಕೋಟು ಹಾಕಿಕೊಂಡು. ಬಸ್‌ಸ್ಟ್ಯಾಂಡಿನಿಂದ ಮಿಲ್ಲಿನ ತನಕ ಮೆರವಣಿಗೆ. ದಾರಿಯಲ್ಲೇ ಹೆಂಗಸರ ಘೋಷಣೆಗಳನ್ನು ತನ್ನ ನಾಲ್ಕು ಕಾರ್ಡಿಗೆ ಹೊಂದಿಸಿ ಹಾಡು ಮಾಡಿದ. ಮನೆ, ಹಿತ್ತಲು, ಹೊಲ, ಅಗಸಿ, ಮತ್ತೆ ಮನೆ. ಚಲೋ ಹಾಡು. ಅಂಗಡಿಯವರು ಹೊರಗೆ ಬಂದು ನಿಂತು ತಾಳ ಹಾಕಿದರು. ಗೇಟು ಮುಟ್ಟಿದೆವು. ಹೆಂಗಸರು ಕೂತರು. ಹಾಡು ಇನ್ನೂ ನಡೆದಿತ್ತು. ಗೇಟಿನ ಸಂದಿಯಿಂದ ಲಾರಿಯ ಮೂತಿ ಕಾಣುತ್ತಿತ್ತು, ಎಂಜಿನ್ನು ಗುರುಗುಡುತ್ತಿತ್ತು.

ಆಗ ನಾಸಿರ ಸಲಾಮಿ ಹೊಡೆದ.

ಸಲಾಮಿ ಅಂದರೇನು ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಮೆರವಣಿಗೆ ಮಂಟಪದ ಬಾಗಿಲಿಗೆ ಬಂದಾಗ ಪಾರ್ಟಿಯವರು ಒಂದು ಚಿಕ್ಕ ಸ್ವರಸಾಲನ್ನು ಮೂರು ಸುತ್ತು ನುಡಿಸುತ್ತಾರೆ, ಸುತ್ತಿನಿಂದ ಸುತ್ತಿಗೆ ಜೋರು. ಮೂರನೆಯದರ ತುದಿಗೆ ಡ್ರಮ್ಮಿನ ಮೇಲೊಂದು ಭಾರಿ ಏಟು, ಕ್ಯಾಸಿಯೊ ಅಗಸಿಯಿಂದ ಧೊಪ್ಪೆಂದು ಮನೆಗೆ ಬೀಳುತ್ತದೆ. ಅಲ್ಲಿಗೆ ಕುಣಿತ ಮುಗಿಯಿತು, ಊಟಕ್ಕೆ ಏಳಿ ಎಂದು. ಕೂಸಿದ್ದಾಗಿನಿಂದ ಕೇಳಿದ್ದು. ಕಿವಿಗೆ ಬಿದ್ದರೆ ತಲೆಗೆ ಹೋಗುವುದಿಲ್ಲ, ನೇರ ಮೊಣಕಾಲಿಗೆ ಹೋಗುತ್ತದೆ.

ನಾಸಿರ ಬೇಕಂತ ಹೊಡೆಯಲಿಲ್ಲ. ಬಾಗಿಲು ಬಂತು, ಕೈ ತಾನೇ ಹೋಯಿತು. ಹೆಂಗಸರೂ ಬೇಕಂತ ಏಳಲಿಲ್ಲ. ಏಟು ಬಿತ್ತು, ಎದ್ದರು. ಸೆರಗು ಜಾಡಿಸಿದರು, ಚಪ್ಪಲಿ ಹುಡುಕಿದರು, ರಸ್ತೆಯಾಚೆ ಬೇವಿನ ನೆರಳಲ್ಲಿ ಇಟ್ಟಿದ್ದ ರೊಟ್ಟಿಗಂಟುಗಳ ಕಡೆ ಹೊರಟರು. ಗುರವ್ವನೂ ಎದ್ದಳು. ಗೇಟಿನ ಬೀಗ ತೆಗೆದ ಸದ್ದು ಕೇಳುವಷ್ಟರಲ್ಲಿ ಲಾರಿ ರಸ್ತೆಗೆ ಬಿದ್ದಾಗಿತ್ತು. ತಾಡಪಾಲಿನ ಕೆಳಗೆ ಅರ್ಧ ಮಿಲ್ಲು. ಓಡಿದರು, ಕಲ್ಲು ತೂರಿದರು. ಲಾರಿ ಹೋಯಿತು.

ಎಲ್ಲರೂ ತಿರುಗಿ ನಾಸಿರನನ್ನು ನೋಡಿದರು.

ಮಾಲೀಕನ ಮಗಳ ಮದುವೆ ಹಿಂದಿನ ವರ್ಷ ಕಿತ್ತೂರಿನಲ್ಲಿ ಆದಾಗ ನುಡಿಸಿದ್ದು ಇದೇ ನಾಸಿರನ ಪಾರ್ಟಿ. ಅದರ ವಿಡಿಯೊ ಊರ ತುಂಬ ಮೊಬೈಲಿನಲ್ಲಿ ತಿರುಗಿತ್ತು: ಮಂಟಪದ ಬಾಗಿಲು, ಸಲಾಮಿ ಹೊಡೆಯುವ ನಾಸಿರ, ಹೆಗಲ ಮೇಲೆ ಮಾಲೀಕ ಹೊದಿಸಿದ ಶಾಲು.

“ಆ ಮದವ್ಯಾಗ ತಿಂದ ಹೋಳಿಗಿ ಇನ್ನೂ ಕರಗಿಲ್ಲೇನೋ ನಿನಗ?” ಗುರವ್ವ ಕೇಳಿದಳು. “ಅವಗ ಮದವಿ ಬಾರಿಸಿದಿ, ನಮಗ ತಿಥಿ ಬಾರಿಸಿದಿ. ಎಷ್ಟಕ್ಕ ಮಾತಾಡಿದ್ದಿ?”

“ಯವ್ವಾ, ಅಲ್ಲಾನ ಆಣಿ, ಕೈ ತಾನ ಹೋತು—”

“ನಮ್ಮ ಕಾಲು ತಾವ ಎದ್ದುವು, ನಿನ್ನ ಕೈ ತಾನ ಹೋತು. ಲಾರಿ ಒಂದ ಶಾಣ್ಯಾ ಆತು.”

ಕೆಂಚವ್ವ ಎಂಬ ಮುದುಕಿ ಒಂದು ಹಿಡಿ ಮಣ್ಣು ತೂರಿದಳು. ಅದು ಮಿಂಚಿನ ಕೋಟಿನ ಮೇಲೆ ಬಿತ್ತು. ನಾಸಿರ ಹೆಂಡತಿಯ ಕಡೆ ನೋಡಿದ. ಕೌಸರ್ ಅವನ ಪರವಾಗಿ ಒಂದು ಮಾತೂ ಆಡಲಿಲ್ಲ. ಅವಳಿಗೆ ಇನ್ನೂ ಈ ಹೆಂಗಸರ ಜೊತೆಗೇ ಬಸ್ಸು ಹತ್ತುವುದಿತ್ತು.

ಆದರೆ ಅವಳು ಕೇಳಿದ ಪ್ರಶ್ನೆ ಬೇರೆಯವರು ಕೇಳಲಿಲ್ಲ. “ಹಾಡು ನಡದಿತ್ತಲ್ಲ, ಆವಾಗ ಒಬ್ರೂ ಏಳಲಿಲ್ಲ. ಮುಗಿಸಿದ ಮ್ಯಾಲೆ ಎದ್ರು. ಮುಗಿಯದ ಹಾಡು ಇಲ್ಲೇನ್ರಿ ನಿಮ್ಮ ಡಬ್ಬ್ಯಾಗ?”

ನಾಸಿರ ಕೋಟು ಬಿಚ್ಚಿ ಗಾಡಿಯ ಕೆಳಗೆ ಎಸೆದ.

ಒಳಗೆ ಇನ್ನರ್ಧ ಯಂತ್ರಗಳಿದ್ದವು. ಮರುದಿನ ಮುಂಜಾನೆ ಇನ್ನೊಂದು ಲಾರಿ ಬರುವುದೆಂದು ಮಿಲ್ಲಿನ ಕಾವಲಿನವನೇ ಹೇಳಿದ. ಮುದ್ರೆ ಹಾಕುವವರೂ ಮರುದಿನವೇ ಬರಬೇಕು. ಯಾರು ಮೊದಲು ಬರುತ್ತಾರೋ ಗೊತ್ತಿಲ್ಲ. ಗುರವ್ವ ಗಾಡಿಯನ್ನು ಓಡಿಸಿಬಿಡಿ ಎಂದಳು. “ನಮ್ಮ ಬಾಯಿ ನಮಗ ಸಾಕು.”

“ಬಾಯಿ ದಣೀತೈತಿ ಯವ್ವಾ,” ಎಂದ ನಾಸಿರ. “ದಣದ ಮ್ಯಾಲೆ ಹಾಡು ನಿಂದರತೈತಿ. ನಿಂತ್ರ ಏಳತೀರಿ. ನಾಳೆ ಒಂದ ದಿನ ಬಾರಸಾಕ ಬಿಡ್ರಿ. ಆಮ್ಯಾಲೆ ಬೇಕಾದ್ರ ಈ ಡಬ್ಬಿ ಲಾರಿ ಗಾಲಿಗೆ ಇಡ್ರಿ.”

“ನಿನ್ನ ನಂಬೂದ ಹೆಂಗ?”

ಜನರೇಟರಿನಿಂದ ಕ್ಯಾಸಿಯೊಗೆ ಬರುವ ವಾಯರನ್ನು ಕೌಸರ್ ಎತ್ತಿ ಹಿಡಿದಳು. “ಈ ವಾಯರ ನನ್ನ ಕೈಯಾಗ ಇರಲಿ. ಸಲಾಮಿದು ಒಂದ ಸ್ವರ ಬಂತಂದ್ರ ನಾನ ಕಿತ್ತತೇನಿ. ಎಲ್ಲಾರ ಮುಂದ.”

ಗಂಡನ ಮುಖ ನೋಡಿಯೇ ಹೇಳಿದಳು. ಗುರವ್ವ ಒಪ್ಪಿದಳು.

ಆ ಮಧ್ಯಾಹ್ನ ಮಿಲ್ಲಿನ ಗೋಡೆಯ ನೆರಳಿನಲ್ಲಿ ಹಾಡು ಕಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಡು ಹೃದಯದಿಂದ ಉಕ್ಕುತ್ತದೆ ಎಂದು ಭಾಷಣ ಮಾಡುವವರು ಅಲ್ಲಿ ಇರಬೇಕಿತ್ತು. ಬೆವರು, ಬೈಗುಳ, ಮತ್ತೆ ಬೆವರು. ಸಿಟ್ಟು ಇಳಿಯದ ಹೆಂಗಸರು ಎದುರಿಗೆ, ಮರಳಿ ಮರಳಿ ನುಡಿಸುವವನು ಗಾಡಿಯ ಮೇಲೆ.

ಮಾತು ಕೌಸರಳದು. ಕೂತಲ್ಲಿಯೇ ಹೇಳುತ್ತಾ ಹೋದಳು:

ಹತ್ತಿ ಆರಿಸಿದ ಕೈ ನಮ್ಮವು,
ಮೂಗಿನಾಗ ಇನ್ನೂ ಧೂಳ ಐತಿ,
ಗೇಟು ಬಿಟ್ಟು ಏಳೂದಿಲ್ಲ,
ಎದ್ರ ನಮದು ಏನೈತಿ?

ನಾಸಿರ ಅದನ್ನು ಮನೆಯಿಂದ ಹೊರಡಿಸಿ ಹೊಲಕ್ಕೆ ಒಯ್ದ, ಅಗಸಿಗೆ ತಂದ. ಅಲ್ಲಿಯೇ ನಿಲ್ಲಿಸಿದ. ಮುಗಿಸಬಾರದು ತಾನೆ, ಅಗಸಿಯಲ್ಲೇ ಬಿಟ್ಟರಾಯಿತು ಎಂಬ ಲೆಕ್ಕ. ಕೈ ಎತ್ತಿ ಹೆಂಗಸರನ್ನು ನೋಡಿದ. ಗೋಡೆಗೆ ಒರಗಿ ತೂಕಡಿಸುತ್ತಿದ್ದ ಕೆಂಚವ್ವ ಕಣ್ಣು ಮುಚ್ಚಿಕೊಂಡೇ ಬಾಯಲ್ಲಿ ‘ಸಾ’ ಎಂದು ಎಳೆದು ಹಾಡನ್ನು ಮನೆಗೆ ಮುಟ್ಟಿಸಿಬಿಟ್ಟಳು.

“ಏ ಮುದಕಿ!” ನಾಸಿರ ಕಿರುಚಿದ. “ಯಾರ ಮುಗಸಂದ್ರು ನಿನಗ?”

“ನೀ ಅರ್ಧಕ್ಕ ಬಿಟ್ರ ನಾ ಏನ ಮಾಡ್ಲಿ? ಸೀನ ಬಂದು ನಿಂತಂಗ ಆತು.”

ಮತ್ತೆ ಮಾಡಿದ. ಈ ಸಲ ನಾಲ್ಕು ಮಂದಿ ಮುಗಿಸಿದರು. ಅಗಸಿಯಲ್ಲಿ ಬಿಟ್ಟರೆ ಸಾಲದು. ಬಿಟ್ಟರೆ ಜನ ತಾವೇ ನಡೆದುಕೊಂಡು ಮನೆಗೆ ಹೋಗುತ್ತಾರೆ. ನಾಸಿರ ಗಾಡಿಯಿಂದ ಇಳಿದು ಒಂದು ಬೀಡಿ ಸೇದಿದ, ಬಂದು ಇನ್ನೊಂದು ಥರ ನುಡಿಸಿದ, ಅದೂ ಕೆಟ್ಟಿತು. ಹೊಲದಲ್ಲಿ ಬಿಟ್ಟರೆ ಹಾಡು ಸಪ್ಪೆ, ಹೆಂಗಸರು ಮಾತಿಗೆ ಶುರು ಮಾಡಿದರು. ಬಿಸಿಲು ಗೋಡೆಯ ಈ ಕಡೆ ಬರುತ್ತಿತ್ತು. ಗುರವ್ವ, “ಕತ್ತೆ ಕುಣಿಯೂದು ನೋಡಾಕ ಕುಂತೇವಿ,” ಎಂದು ಎಲೆ ಅಡಿಕೆ ಉಗುಳಿದಳು.

ಆಮೇಲೆ ಅವನು ಕೆಂಚವ್ವನನ್ನು ನೋಡಿದ. “ಮುದಕಿ ‘ಸಾ’ ಅನ್ನೂದಂತೂ ಬಿಡೂದಿಲ್ಲ,” ಎಂದ ತನ್ನಷ್ಟಕ್ಕೆ. “ಅನ್ನಲಿ. ಅನ್ನಲಿ ಬಿಡು. ‘ಸ’ ಮನ್ಯಾಗೂ ಐತಿ, ಹಿತ್ತಲದಾಗೂ ಐತಿ.”

ಅದರಲ್ಲಿದೆ ನೋಡಿ ಅವನ ವಿದ್ಯೆ. ಮನೆ ಅಂದರೆ ಸ-ಗ-ಪ. ಹಿತ್ತಲು ಅಂದರೆ ಧ-ಸ-ಗ. ಎರಡು ಸ್ವರ ಎರಡರಲ್ಲೂ ಅವೇ. ಬಾಯಿ ‘ಸ’ಕ್ಕೆ ಬಂದು ನಿಂತಾಗ ಕ್ಯಾಸಿಯೊದ ಎಡಗೈ ಕೆಳಗೆ ‘ಧ’ ಒತ್ತಿದರೆ ಹಾಡುವವರು ಮನೆ ಬಂತು ಎಂದು ಕಾಲಿಡುತ್ತಾರೆ, ಕಾಲ ಕೆಳಗಿರುವುದು ಹಿತ್ತಲ ನೆಲ. ಬಂದಿದ್ದಾರೆ, ಆದರೆ ಬಂದಿಲ್ಲ. ಮತ್ತೆ ಸುತ್ತು ಹಾಕಿ ಬರಲೇಬೇಕು.

ನುಡಿಸಿದ. ಕೆಂಚವ್ವ ‘ಸಾ’ ಎಂದಳು. ಕೆಳಗಿನಿಂದ ‘ಧ’ ಬಂತು. ಮುದುಕಿ ಕಣ್ಣು ತೆರೆದಳು.

“ಇದೇನೋ ಇದು? ಹೊಸಲಿ ದಾಟಿದ್ನಲ್ಲ?”

“ದಾಟೀದಿ. ಹಿಂದಿನ ಬಾಗಲದಾಗ,” ಎಂದ ನಾಸಿರ. ಬೆಳಗಿನಿಂದ ಮೊದಲ ಸಲ ಹಲ್ಲು ಕಂಡವು.

ಕೌಸರ್ ನಗಲಿಲ್ಲ. ಅವಳು ಹಾಡಿನ ಕೊನೆಯ ಸಾಲನ್ನು ಬದಲಿಸಿದಳು. “ಎದ್ರ ನಮದು ಏನೈತಿ ಅನ್ನೂದು ತಗೀರಿ. ಪ್ರಶ್ನಿ ಕೇಳಿದ್ರ ಉತ್ತರಾ ಬರತೈತಿ, ಉತ್ತರಾ ಬಂದ್ರ ಮುಗೀತೈತಿ. ‘ಗೇಟು ಬಿಟ್ಟು ಏಳೂದಿಲ್ಲ, ಯಾಕಂದ್ರ’ ಅನ್ನೂಣು. ಯಾಕಂದ್ರ? ಹತ್ತಿ ಆರಿಸಿದ ಕೈ ನಮ್ಮವು. ಮತ್ತ ಮೊದಲಿಂದ.”

‘ಯಾಕಂದ್ರ’ ಎಂಬ ಮಾತು ‘ಸ’ದ ಮೇಲೆ ಬಿತ್ತು, ಹಿತ್ತಲಲ್ಲಿ. ಬಾಲವೇ ತಲೆಗೆ ಸಿಕ್ಕಿಕೊಂಡ ಹಾಡು. ಹೆಂಗಸರು ಹಾಡಿಕೊಳ್ಳತೊಡಗಿದರು, ನಿಲ್ಲಿಸುವ ಜಾಗ ಸಿಗದೆ ಹಾಡುತ್ತಲೇ ಇದ್ದರು. ಗುರವ್ವ ಹಾಡಲಿಲ್ಲ. ಕ್ಯಾಸಿಯೊದ ವಾಯರನ್ನು ಕೌಸರಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. “ನೆನಪಿರಲಿ,” ಎಂದಳು.

ಮರುದಿನ ಮುಂಜಾನೆ ಮುದ್ರೆಯವರಿಗಿಂತ ಮೊದಲು ಲಾರಿ ಬಂತು. ಹಿಂದಿನ ಗೇಟಿನಿಂದ ಒಳಗೆ ಹೋಗಿ ಸಾಮಾನು ಹೇರಿಕೊಂಡು ಮುಂದಿನ ಗೇಟಿಗೆ ಮೂತಿ ಮಾಡಿ ನಿಂತಿತು. ಹಿಂದಿನ ಗೇಟಿನ ದಾರಿಯಲ್ಲಿ ತುಂಬಿದ ಲಾರಿ ಹೊರಳುವುದಿಲ್ಲ. ಇದೇ ಗೇಟು, ಇದೇ ದಾರಿ, ದಾರಿಯ ಮೇಲೆ ಹೆಂಗಸರು. ಹಾಡು ಶುರುವಾಗಿತ್ತು.

ನಿಜಗುಣಪ್ಪ ಗೇಟಿನ ಒಳಗಿಂದ ಮುಖ ತೋರಿಸಿದ. ಒಳ್ಳೆಯ ಮಾತಿನ ಮನುಷ್ಯ. “ತಂಗೇರಾ, ಬಿಸಲಾಗ ಯಾಕ ಕುಂತೀರಿ? ಉಪ್ಪಿಟ್ಟು ಚಹಾ ಮಾಡಸೇನಿ. ಆಚೆ ನೆರಳಿಗೆ ಬರ್ರಿ, ಕುಂತು ಮಾತಾಡೂಣು.”

“ನಿಮ್ಮ ಉಪ್ಪಿಟ್ಟಿನ್ಯಾಗ ಯಂತ್ರದ ನಟ್ಟ ಬರತಾವ್ರಿ ಸಾಹೇಬ್ರ,” ಎಂದಳು ಗುರವ್ವ. ಹಾಡು ನಿಲ್ಲಲಿಲ್ಲ. ಹತ್ತಿ ಆರಿಸಿದ ಕೈ, ಮೂಗಿನಾಗ ಧೂಳ, ಏಳೂದಿಲ್ಲ, ಯಾಕಂದ್ರ. ಪೊಲೀಸರು ಬಂದು ರಸ್ತೆಯಾಚೆ ನಿಂತರು. ಹಾಡುವವರನ್ನು ಎತ್ತಿಹಾಕಲು ಮೇಲಿನವರ ಮಾತು ಬಂದಿರಲಿಲ್ಲ. ಎದ್ದು ಹೋದರೆ ಅವರಿಗೂ ಸುಲಭ. ಬಿಸಿಲು ಏರಿತು. ಕೌಸರಳ ದನಿ ಒಡೆಯತೊಡಗಿತ್ತು. ಕೂಸಿಗೆ ಹಾಲು ಕುಡಿಸಲು ಇಬ್ಬರು ಎದ್ದರು, ಗುರವ್ವ ಅಲ್ಲಿಯೇ ಕೂತು ಕುಡಿಸಿರೆಂದಳು, ಕೂತರು.

ನಿಜಗುಣಪ್ಪ ಒಳಗೆ ಹೋದ. ಮೊದಲ ದಿನ ಹೆಂಗಸರು ಹೇಗೆ ಎದ್ದರೆಂದು ಅವನು ಗೇಟಿನ ಸಂದಿಯಿಂದ ನೋಡಿದ್ದ. ನಮ್ಮ ಸೀಮೆಯವನೇ, ಅವನ ಮೊಣಕಾಲಿಗೂ ಗೊತ್ತಿತ್ತು.

ಪಾಳಿ ಮುಗಿದಾಗ ಕೂಗಲು ಮಿಲ್ಲಿನ ಚಾವಣಿಯ ಮೇಲೆ ನಾಲ್ಕು ಭೋಂಗಾ ಸ್ಪೀಕರು ಕಟ್ಟಿದ್ದರು. ಅವುಗಳಿಂದ ಒಮ್ಮೆಲೇ ಸಂಗೀತ ಬಂತು. ಡ್ರಮ್ಮು, ತಾಷಾ, ಕ್ಯಾಸಿಯೊ. ಕಿತ್ತೂರಿನ ಆ ಮದುವೆಯ ವಿಡಿಯೊ. ಸಲಾಮಿ, ಮೊದಲ ಸುತ್ತು.

ನಾಸಿರನ ಸಲಾಮಿ. ನಾಸಿರನದೇ ಕೈ.

ಹೆಂಗಸರ ಹಾಡು ತಡವರಿಸಿತು. ನಾನು ನೋಡುತ್ತಿದ್ದೆ: ಮೂರನೆಯ ಸಾಲಿನಲ್ಲಿ ಕೂತವರು ಬೆನ್ನು ನೆಟ್ಟಗೆ ಮಾಡಿದರು. ಒಬ್ಬಳ ಕೈ ಸೆರಗಿಗೆ ಹೋಯಿತು. ಗುರವ್ವ “ಕುಂಡ್ರಿ! ಯಾರೂ ಏಳಬ್ಯಾಡ್ರಿ!” ಎಂದು ಕೂಗಿದಳು, ಕೂಗುವಾಗಲೇ ಅವಳ ಬಲಗೈ ನೆಲಕ್ಕೆ ಊರಿತ್ತು, ಏಳುವವರು ಊರಿದಂತೆ. ಒಳಗೆ ಲಾರಿಯ ಎಂಜಿನ್ನು ಶುರುವಾಯಿತು. ಗೇಟಿನ ಹಿಂದೆ ಇಬ್ಬರು ಬೀಗ ಹಿಡಿದು ನಿಂತಿದ್ದರು.

ನಾಸಿರ ಜೋರು ಮಾಡಿದ, ಗುಂಡಿ ಕೊನೆಯ ತನಕ ತಿರುಗಿಸಿದ. ನಾಲ್ಕು ಭೋಂಗಾದ ಮುಂದೆ ಅವನ ಎರಡು ಸ್ಪೀಕರು ಏನೂ ಅಲ್ಲ. ಎರಡೂ ಸದ್ದು ಕೂಡಿ ಗದ್ದಲವಾಯಿತು. ಗದ್ದಲದಲ್ಲಿ ಹೆಂಗಸರ ಹಾಡು ಸತ್ತಿತು.

ಎರಡನೆಯ ಸುತ್ತು.

ಆಗ ನಾಸಿರ ತನ್ನ ಹಾಡನ್ನು ನಿಲ್ಲಿಸಿದ. ಬೆರಳು ಎತ್ತಿ, ಮತ್ತೆ ಇಳಿಸಿ, ಭೋಂಗಾದ ಜೊತೆಗೇ ಸಲಾಮಿ ನುಡಿಸತೊಡಗಿದ. ಸ್ವರಕ್ಕೆ ಸ್ವರ, ಅದೇ ಎರಡನೆಯ ಕಪ್ಪಿನಿಂದ.

“ಮಾರಿಕೊಂಡಾನ!” ಯಾರೋ ಕಿರುಚಿದರು. “ಕೌಸರ್, ಕಿತ್ತ! ಕಿತ್ತ ಅದನ!”

ಕೌಸರಳ ಮುಷ್ಟಿಯಲ್ಲಿ ವಾಯರು. ಮಾತು ಕೊಟ್ಟವಳು ಅವಳೇ, ಎಲ್ಲರ ಮುಂದೆ. ಎಳೆದರೆ ಗಂಡ ಮೋಸಗಾರ ಎಂದು ಅವಳೇ ಹೇಳಿದಂತೆ. ಎಳೆಯದಿದ್ದರೆ ಅವಳೂ ಪಾಲುದಾರಳು. ಗಂಡನ ಮುಖ ನೋಡಿದಳು, ಮುಖದಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಅವನು ಹೇಳಿದರೂ ಆ ಸದ್ದಿನಲ್ಲಿ ಕೇಳುತ್ತಿರಲಿಲ್ಲ. ಮೂರನೆಯ ಸುತ್ತು ಶುರುವಾಯಿತು. ಗುರವ್ವನ ಒಂದು ಮೊಣಕಾಲು ನೆಲ ಬಿಟ್ಟಿತ್ತು. ಗೇಟಿನ ಸರಪಳಿ ಜಾರಿದ ಸದ್ದು.

ಕೌಸರ್ ಗಂಡನ ಕೈ ನೋಡಿದಳು. ಬಲಗೈ ಸಲಾಮಿ ನುಡಿಸುತ್ತಿತ್ತು. ಎಡಗೈ ಸುಮ್ಮನಿತ್ತು. ಅದರ ಕಿರುಬೆರಳು ಮಾತ್ರ ಒಂದು ಕೀಯ ಮೇಲೆ ಕಾಯುತ್ತಾ ನಿಂತಿತ್ತು, ಹಿಂದಿನ ಮಧ್ಯಾಹ್ನ ಪೂರ್ತಿ ಅವಳು ನೋಡಿದ ಕೀ. ‘ಧ’.

ಮುಷ್ಟಿ ಸಡಿಲ ಮಾಡಿದಳು.

ಸಲಾಮಿ ಅಗಸಿಗೆ ಬಂತು. ಡ್ರಮ್ಮಿನ ಏಟು ಬಿತ್ತು. ಭೋಂಗಾ ನಾಲ್ಕೂ ಬಾಯಲ್ಲಿ ‘ಸ’ ಎಂದಿತು, ಮನೆ ಬಂತು, ಏಳಿ ಎಂದಿತು. ಅದೇ ಹೊತ್ತಿಗೆ ಗಾಡಿಯ ದೊಡ್ಡ ಸ್ಪೀಕರಿನ ಹೊಟ್ಟೆಯಿಂದ ‘ಧ’ ಎದ್ದು ನೆಲ ನಡುಗಿಸಿತು. ಮನೆಯ ಕೆಳಗಿನ ನೆಲವನ್ನೇ ಯಾರೋ ಎಳೆದುಕೊಂಡಂತೆ. ಸಲಾಮಿ ಮುಗಿಯಲಿಲ್ಲ. ಮುಗಿಯದ ಸಲಾಮಿಯನ್ನು ಅಲ್ಲಿದ್ದ ಯಾರೂ ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಆ ಸಂದಿಯಲ್ಲಿ ಕೌಸರ್ ಒಡೆದ ಗಂಟಲಲ್ಲಿ ಕೂಗಿದಳು: “ಯಾಕಂದ್ರ!”

ಆಮೇಲೆ ಕೆಂಚವ್ವ, ಆಮೇಲೆ ಎಲ್ಲರೂ: ಹತ್ತಿ ಆರಿಸಿದ ಕೈ ನಮ್ಮವು. ಗುರವ್ವನ ಮೊಣಕಾಲು ಧೊಪ್ಪೆಂದು ನೆಲಕ್ಕೆ ಬಿತ್ತು. ಅರ್ಧ ತೆರೆದ ಗೇಟಿನ ನಡುವೆ ಲಾರಿಯ ಮೂತಿ, ಅದರ ಮುಂದೆ ಕೂತ ಹೆಂಗಸರು. ಚಾಲಕ ಹಾರ್ನು ಒತ್ತಿದ. ಹಾಡಿದರು. ನಿಜಗುಣಪ್ಪ ಸಲಾಮಿಯನ್ನು ಮತ್ತೆ ಹಾಕಿದ. ನಾಸಿರ ಮತ್ತೆ ಜೊತೆಗೂಡಿದ, ಮತ್ತೆ ಹಿತ್ತಲಿಗೆ ಎಳೆದ. ಮೂರನೆಯ ಸಲಕ್ಕೆ ಹೆಂಗಸರು ಸಲಾಮಿಯ ತುದಿಗಾಗಿ ಕಾಯತೊಡಗಿದ್ದರು, ತುದಿ ಬಂದಾಗ ನಕ್ಕುಕೊಂಡು ‘ಯಾಕಂದ್ರ’ ಎಂದು ಕೂಗಲು. ಭೋಂಗಾ ಬಂದಾಯಿತು.

ಮುದ್ರೆಯವರ ಜೀಪು ಬಂದಾಗ ಕೌಸರಳ ಬಾಯಿಂದ ಗಾಳಿಯಷ್ಟೇ ಬರುತ್ತಿತ್ತು. ಲಾರಿಯ ಮೇಲಿದ್ದ ಯಂತ್ರಗಳನ್ನು ಇಳಿಸಿ, ಬರೆದುಕೊಂಡು, ಮುದ್ರೆ ಹಾಕಿದರು. ಖಾಲಿ ಲಾರಿ ಹೋಯಿತು. ಅದಕ್ಕೆ ದಾರಿ ಬಿಟ್ಟೆವು.

ಇದನ್ನು ಗೆಲುವು ಎಂದು ಉಬ್ಬಿಸುವುದಿಲ್ಲ. ಮೊದಲ ದಿನ ಹೋದ ಅರ್ಧ ಮಿಲ್ಲು ಹೋದದ್ದೇ. ಉಳಿದರ್ಧಕ್ಕೆ ತುಕ್ಕು ಹಿಡಿಯುತ್ತಿದೆ. ಪಗಾರ ಸ್ವಲ್ಪ ಬಂತು, ದೊಡ್ಡ ಪಾಲು ಬಂದಿಲ್ಲ. ಕೌಸರ್ ಈಗ ಬೇರೆ ಕಡೆ ಕೂಲಿಗೆ ಹೋಗುತ್ತಾಳೆ, ಅವಳ ದನಿ ಮೊದಲಿನಂತೆ ಆಗಲಿಲ್ಲ. ಪೇಟೆಯ ದೊಡ್ಡ ಮನೆಗಳವರು ನಾಸಿರನನ್ನು ಮದುವೆಗೆ ಕರೆಯುವುದನ್ನು ಬಿಟ್ಟಿದ್ದಾರೆ. ಸಲಾಮಿ ಕೆಡಿಸಿದವನು ಎಂದು ಹೆಸರು. ಗುರವ್ವ ಅವನಿಗೆ ಕ್ಷಮೆ ಕೇಳಲಿಲ್ಲ. ಮಣ್ಣು ಬಿದ್ದ ಆ ಕೋಟನ್ನು ಒಗೆದು ಬಸ್ಸಿನಲ್ಲಿ ಕಳಿಸಿಕೊಟ್ಟಳು. ಮೌಲಾಸಾಬ ಎಲ್ಲ ಕೇಳಿ, “ಈ ಸಲ ನಿನ್ನ ಡಬ್ಬಿ ಮೂರೂ ಬಾಯಿ ಒಂದ ಕಡಿ ಮಾಡಿ ಬೊಗಳೇತಿ,” ಎಂದನಂತೆ. ಅಷ್ಟೇ.

ಹಾಡು ಮಾತ್ರ ಊರೂರು ಹೋಯಿತು. ರಾಮದುರ್ಗದ ನೇಕಾರರು ಹಾಡಿದರು, ಮಾತು ತಮಗೆ ಬೇಕಾದಂತೆ ಮಾಡಿಕೊಂಡರು. ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಗಾಡಿಯವರು ಹಾಡಿದರು. ಒಳ್ಳೆಯದು, ಹಾಡು ಇರುವುದೇ ಅದಕ್ಕೆ. ಆಮೇಲೆ ಒಂದು ತಂಡ ಅದನ್ನು ಸ್ಟುಡಿಯೊದಲ್ಲಿ ಹಾಡಿ ಮೊಬೈಲಿಗೆ ಬಿಟ್ಟಿತು. ಕೊಳಲು, ಪಿಟೀಲು, ‘ಜನಪದ’ ಎಂಬ ಚೀಟಿ, ಮತ್ತು ಕೊನೆಯಲ್ಲಿ ಮೂರು ಸಲ ‘ಹತ್ತಿ ಆರಿಸಿದ ಕೈ ನಮ್ಮವು’ ಎಂದು ಹೇಳಿ, ನಿಧಾನ ಮಾಡಿ, ಅಚ್ಚುಕಟ್ಟಾಗಿ ಮನೆಗೆ ತಂದು ಮಲಗಿಸಿಬಿಟ್ಟರು. ಈಗ ಧರಣಿಗಳಲ್ಲಿ ಹಾಗೆಯೇ ಹಾಡುತ್ತಾರೆ. ಹಾಡು ಮುಗಿಯುತ್ತದೆ, ಜನ ಸೆರಗು ಜಾಡಿಸಿ ಏಳುತ್ತಾರೆ. ನಾಸಿರನಿಗೆ ಅದನ್ನು ನಾನೇ ಕೇಳಿಸಿದೆ. ಕೊನೆಯ ತನಕ ಕೇಳಿ ಮೊಬೈಲು ತಿರುಗಿಸಿ ಕೊಟ್ಟ.

“ಮನಿಗೆ ಕಳಿಸಿಬಿಟ್ರಲ್ಲ,” ಎಂದ. “ಲಾರಿ ಇನ್ನೂ ಒಳಗೈತಿ.”

ಈಗ ನಿಮ್ಮ ಪಾಳಿ. ನೀವು ಈ ಹಾಡನ್ನು ಒಂದು ಸಲವಾದರೂ ಹಾಡಿದ್ದರೆ, ಹಾಡಿಸಿದ್ದರೆ, ನಾಸಿರನ ಕೂಲಿಯಲ್ಲಿ ನಿಮ್ಮ ಪಾಲಿದೆ. ಯರಗಟ್ಟಿಗೆ ಹೋಗಿ ಕೊಡಿ. ಮುಂದಿನ ಮೆರವಣಿಗೆಗೆ ಅವನ ಪಾರ್ಟಿ ಕರೆಸಿ, ಮದುವೆಗೆ ಕೊಡುವಷ್ಟೇ ಕೊಟ್ಟು ಕರೆಸಿ, ಮೈಕಿನಲ್ಲಿ ನಾಸಿರ ಮತ್ತು ಕೌಸರ್ ಎಂದು ಇಬ್ಬರ ಹೆಸರನ್ನೂ ಹೇಳಿ. ಹಾಡಿನ ತುದಿಗೆ ನೀವು ಅಂಟಿಸಿದ ಮನೆಯನ್ನು ಕಿತ್ತುಹಾಕಿ. ಬಾಕಿ ಬರುವ ತನಕ ಅದು ಹಿತ್ತಲಲ್ಲೇ ನಿಲ್ಲಬೇಕು. ಯಾವಾಗ ಹೋಗುತ್ತೀರಿ, ಹೇಳಿ.